ಕೊಡಗಿನಲ್ಲಿ ಕೋಳಿ ಅಂಕ ನಿಲ್ಲಿಸಬೇಕೆಂದರೆ: ಐವತ್ತು ರೂಪಾಯಿ ದಂಡದ ಕಾಯ್ದೆಯಿಂದ ಊರಿನವರು ಏನೇನು ಮಾಡಿಸಬಹುದು

ಸುಗ್ಗಿ ಹಬ್ಬವಾದ ಪುತ್ತರಿ ಕಳೆದು ಭತ್ತದ ಕೊಯ್ಲು ಮುಗಿದರೆ ಗದ್ದೆಗಳು ಖಾಲಿ ಬೀಳುತ್ತವೆ. ಕಾಫಿ ಕೊಯ್ಲಿನ ಕೂಲಿ ಕೈಗೆ ಬರುವುದೂ ಅದೇ ಸಮಯಕ್ಕೆ. ಕೋಳಿ ಅಂಕ ನಡೆಸುವವರು ಕಾಯುವುದು ಈ ಎರಡಕ್ಕೇ. ರಸ್ತೆಯಿಂದ ಕಾಣದ ಒಂದು ಗದ್ದೆ, ತೋಟದ ಮೂಲೆಯ ಒಂದು ಬಯಲು, ಸುತ್ತ ಜನ, ನಡುವೆ ಎರಡು ಹುಂಜ.

ಇದು ನಿಲ್ಲಬೇಕು ಅನ್ನುವವರು ಪ್ರತಿ ಊರಿನಲ್ಲೂ ಇದ್ದಾರೆ. ಅವರು ಮೊದಲು ಕೇಳುವುದು ಒಂದೇ ಪ್ರಶ್ನೆ: ‘ನಮ್ಮ ಪಂಚಾಯಿತಿಯೇ ಭಾರೀ ದಂಡ ಹಾಕಬಾರದಾ?’ ಹಾಕಲು ಬರುವುದಿಲ್ಲ. ದಂಡ ಎಷ್ಟು ಅನ್ನುವುದು ಊರಿನ ಕೈಯಲ್ಲಿ ಇಲ್ಲವೇ ಇಲ್ಲ. ಆದರೆ ಅಂಕಕ್ಕೆ ಜಾಗ ಸಿಗಬೇಕೋ ಬೇಡವೋ, ದೂರಿನಲ್ಲಿ ಯಾವ ಕಲಂ ಬರಬೇಕು, ದೂರು ಯಾವಾಗ ಯಾರಿಗೆ ಹೋಗಬೇಕು, ಇಷ್ಟೂ ಊರಿನ ಕೈಯಲ್ಲೇ ಇದೆ. ಇದನ್ನು ಸರಿಯಾಗಿ ಬಳಸಿದರೆ ಐವತ್ತು ರೂಪಾಯಿ ದಂಡದ ಕಾಯ್ದೆಯಿಂದಲೂ ಕೆಲಸ ಆಗುತ್ತದೆ. ಹೇಗೆ ಅಂತ ಒಂದೊಂದಾಗಿ ನೋಡೋಣ.

ಮೊದಲು ಕಾಯ್ದೆ ಏನು ಹೇಳುತ್ತದೆ ನೋಡಿಕೊಳ್ಳಿ

ದೇಶಕ್ಕೆಲ್ಲ ಅನ್ವಯಿಸುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ. ಅದರ 11ನೇ ಕಲಂನಲ್ಲಿ ಎರಡು ಉಪಕಲಂ ನಮಗೆ ಬೇಕು.

ಒಂದು, 11(1)(ಎಂ). ಬರೀ ಮನರಂಜನೆಗಾಗಿ ಒಂದು ಪ್ರಾಣಿಯನ್ನು ಇನ್ನೊಂದರ ಮೇಲೆ ಕಾದಾಡಲು ಬಿಡುವವರು ಇದರ ಕೆಳಗೆ ಬರುತ್ತಾರೆ. ಕೋಳಿ ಹಿಡಿದು ಕಣಕ್ಕೆ ಬಿಟ್ಟವನು ಅಂದುಕೊಳ್ಳಿ.

ಇನ್ನೊಂದು, 11(1)(ಎನ್). ಪ್ರಾಣಿ ಕಾಳಗಕ್ಕೆ ಅಂತ ಜಾಗ ಇಟ್ಟುಕೊಂಡವರು, ಆ ಜಾಗದ ಉಸ್ತುವಾರಿ ನೋಡಿಕೊಳ್ಳುವವರು, ‘ನನ್ನ ಜಾಗದಲ್ಲಿ ಮಾಡಿ’ ಅಂತ ಬಿಟ್ಟುಕೊಟ್ಟವರು, ಒಳಗೆ ಬಿಡಲು ದುಡ್ಡು ತೆಗೆದುಕೊಳ್ಳುವವರು, ಎಲ್ಲರೂ ಇದರ ಕೆಳಗೆ ಬರುತ್ತಾರೆ.

ಎರಡಕ್ಕೂ ಶಿಕ್ಷೆ ಒಂದೇ. ಮೊದಲ ಸಲ ಸಿಕ್ಕಿಬಿದ್ದರೆ 10 ರೂಪಾಯಿಯಿಂದ 50 ರೂಪಾಯಿವರೆಗೆ ದಂಡ. ಮೂರು ವರ್ಷದ ಒಳಗೆ ಮತ್ತೆ ಅದೇ ತಪ್ಪು ಮಾಡಿದರೆ 25ರಿಂದ 100 ರೂಪಾಯಿ ದಂಡ, ಅಥವಾ ಮೂರು ತಿಂಗಳವರೆಗೆ ಜೈಲು, ಅಥವಾ ಎರಡೂ. ಒಂದು ಹುಂಜದ ಮೇಲೆ ಸಾವಿರಗಟ್ಟಲೆ ಬಾಜಿ ಕಟ್ಟುವವನಿಗೆ ಐವತ್ತು ರೂಪಾಯಿ ಯಾವ ಲೆಕ್ಕ, ಅಲ್ವಾ? ಈ ಮೊತ್ತ ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಆದರೆ ದಂಡ ಒಂದೇ ಆದರೂ ಎರಡು ಉಪಕಲಂಗಳ ಬಲ ಒಂದೇ ಅಲ್ಲ. ಅದೇ ಕಾಯ್ದೆಯ 31ನೇ ಕಲಂ ಪ್ರಕಾರ (ಎನ್) ಅಪರಾಧ ಸಂಜ್ಞೇಯ. ಅಂದರೆ ಪೊಲೀಸರು ಕೋರ್ಟಿನ ಅಪ್ಪಣೆಗೆ ಕಾಯದೆ ಎಫ್‌ಐಆರ್ ಹಾಕಬಹುದು, ತನಿಖೆ ಮಾಡಬಹುದು. (ಎಂ) ಆ ಪಟ್ಟಿಯಲ್ಲಿ ಇಲ್ಲ. ಬರೀ ‘ಕೋಳಿ ಕಾದಾಡಿಸುತ್ತಿದ್ದಾರೆ’ ಅಂತ ದೂರು ಬರೆದುಕೊಟ್ಟರೆ ಠಾಣೆಯಲ್ಲಿ ಎನ್‌ಸಿಆರ್ ಪುಸ್ತಕದಲ್ಲಿ (ಸಂಜ್ಞೇಯವಲ್ಲದ ದೂರುಗಳ ಪುಸ್ತಕ) ಒಂದು ಸಾಲು ಬರೆದು, ‘ಮ್ಯಾಜಿಸ್ಟ್ರೇಟ್ ಹತ್ತಿರ ಹೋಗಿ’ ಅಂತ ಕಳಿಸಬಹುದು. ಅದೇ ದೂರಿನಲ್ಲಿ ‘ಇಂಥ ಜಾಗದಲ್ಲಿ, ಇಂಥವರು ಜಾಗ ಕೊಟ್ಟು ನಡೆಸುತ್ತಿದ್ದಾರೆ’ ಅಂತ ಸೇರಿಸಿದರೆ (ಎನ್) ಬರುತ್ತದೆ. ಒಂದು ಪ್ರಕರಣದಲ್ಲಿ ಒಂದೇ ಒಂದು ಸಂಜ್ಞೇಯ ಅಪರಾಧ ಇದ್ದರೂ ಇಡೀ ಪ್ರಕರಣವನ್ನು ಸಂಜ್ಞೇಯ ಅಂತಲೇ ನೋಡಬೇಕು. ಇದು ಹಳೆಯ ಸಿಆರ್‌ಪಿಸಿಯ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 174ನೇ ಕಲಂನಲ್ಲೇ ಇದೆ. ಹಾಗಾಗಿ ನಿಮ್ಮ ದೂರಿನಲ್ಲಿ ‘ಜಾಗ’ ಅನ್ನುವುದು ಎದ್ದು ಕಾಣಬೇಕು. ಈ ಲೇಖನದಿಂದ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ.

(ಎನ್) ಹಿಡಿದುಕೊಳ್ಳಿ ಅನ್ನಲು ನನಗೆ ಇನ್ನೊಂದು ಕಾರಣವೂ ಇದೆ. ದಾಳಿ ನಡೆದಾಗ ಸುಲಭಕ್ಕೆ ಸಿಕ್ಕಿಬೀಳುವವನು ತೋಟದ ಲೈನ್ ಮನೆಯಲ್ಲಿರುವ ಕೂಲಿಯವನು. ಅವನ ಕೈಯಲ್ಲಿ ಒಂದು ಹುಂಜ, ಜೇಬಿನಲ್ಲಿ ವಾರದ ಸಂಬಳ. ಜಾಗ ಕೊಟ್ಟವನು, ಬಾಜಿಯಲ್ಲಿ ತನ್ನ ಪಾಲು ಎಣಿಸಿಕೊಳ್ಳುವವನು ಮನೆಯಲ್ಲೇ ಇರುತ್ತಾನೆ. ದೂರು ಜಾಗದ ಮೇಲೆ ಹೋದರೆ ಹೊಣೆ ನಡೆಸುವವನ ತಲೆಗೆ ಬರುತ್ತದೆ. ಅದು ನ್ಯಾಯ.

ಇನ್ನು ಬಾಜಿ ವಿಷಯ. ಅದಕ್ಕೆ 1963ರ ಕರ್ನಾಟಕ ಪೊಲೀಸ್ ಕಾಯ್ದೆ ಇದೆ. ಸಾರ್ವಜನಿಕರು ಓಡಾಡುವ ಜಾಗದಲ್ಲಿ ಜೂಜಾಡಿದರೆ 87ನೇ ಕಲಂ. ಕೋಳಿ ಅಂಕದ ಮೇಲೆ ದಾಳಿ ಮಾಡಿದಾಗ ಪೊಲೀಸರು ಸಾಮಾನ್ಯವಾಗಿ ಇದನ್ನೂ ಪ್ರಾಣಿ ಹಿಂಸೆ ತಡೆ ಕಾಯ್ದೆಯನ್ನೂ ಸೇರಿಸಿಯೇ ಕೇಸು ಹಾಕುತ್ತಾರೆ. ದೂರಿನಲ್ಲಿ ಬಾಜಿಯ ಮಾತನ್ನೂ ಬರೆಯಿರಿ.

‘ಸಂಪ್ರದಾಯ’ ಅಂತ ವಾದಿಸಿದರೆ

ಈ ಮಾತು ಬಂದೇ ಬರುತ್ತದೆ. ಉತ್ತರ ಗೊತ್ತಿರಲಿ.

‘ಕಂಬಳಕ್ಕೆ ಸುಪ್ರೀಂ ಕೋರ್ಟೇ ಒಪ್ಪಿದೆ, ಅಂಕಕ್ಕೆ ಯಾಕಿಲ್ಲ?’ ಅಂತಾರೆ. ಕಂಬಳ, ಎತ್ತಿನ ಗಾಡಿ ಓಟಕ್ಕಾಗಿ ಕರ್ನಾಟಕ 2017ರಲ್ಲಿ ಕೇಂದ್ರದ ಕಾಯ್ದೆಗೆ ತಿದ್ದುಪಡಿ ತಂದಿತು. ಅದಕ್ಕೆ ರಾಷ್ಟ್ರಪತಿಗಳ ಅಂಕಿತವೂ ಸಿಕ್ಕಿತು. 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಎತ್ತಿಹಿಡಿದದ್ದು ಆ ತಿದ್ದುಪಡಿಯನ್ನು, ಜೊತೆಗೆ ತಮಿಳುನಾಡು ಮತ್ತು ಮಹಾರಾಷ್ಟ್ರದ ಅಂಥವೇ ತಿದ್ದುಪಡಿಗಳನ್ನು. ಕೋಳಿ ಅಂಕದ ಹೆಸರು ಕರ್ನಾಟಕದ ತಿದ್ದುಪಡಿಯಲ್ಲಿ ಎಲ್ಲೂ ಇಲ್ಲ.

‘ದೇವರಿಗೆ ಕೋಳಿ ಕೊಯ್ಯುವುದು ತಪ್ಪಲ್ಲ ಅಂತ ಕಾಯ್ದೆಯಲ್ಲೇ ಇದೆಯಲ್ಲ?’ ಅಂತಲೂ ಕೇಳುತ್ತಾರೆ. 28ನೇ ಕಲಂನಲ್ಲಿ ಹೇಳಿರುವುದು ಒಂದು ಸಮುದಾಯದ ಧರ್ಮ ಹೇಳಿದ ರೀತಿಯಲ್ಲಿ ಪ್ರಾಣಿ ಕೊಲ್ಲುವ ಬಗ್ಗೆ ಮಾತ್ರ. ಕಾದಾಡಿಸುವುದಕ್ಕೆ ಅದು ರಕ್ಷಣೆ ಕೊಡುವುದಿಲ್ಲ.

‘ನಾವು ಬಾಳು ಕಟ್ಟಲ್ಲ, ಸುಮ್ನೆ ಬಿಡ್ತೀವಿ’ ಅನ್ನುವವರೂ ಇದ್ದಾರೆ. ಬಾಳು ಅಂದರೆ ಹುಂಜದ ಕಾಲಿಗೆ ಕಟ್ಟುವ ಅಲಗು. ಕಾಯ್ದೆಯಲ್ಲಿ ಬಾಳಿನ ಮಾತೇ ಇಲ್ಲ. ಕಾದಾಡಲು ಪ್ರಚೋದಿಸಿದರೆ ಸಾಕು, ಅಪರಾಧ.

ಬಾಳು ಕಟ್ಟುವುದನ್ನು ಹತ್ತಿರದಿಂದ ನೋಡದವರಿಗೆ ಹೇಳುತ್ತೇನೆ. ಒಬ್ಬ ಹುಂಜವನ್ನು ಎದೆಗೆ ಒತ್ತಿ ಹಿಡಿಯುತ್ತಾನೆ. ಇನ್ನೊಬ್ಬ ಅದರ ಕಾಲಿಗೆ ಬೆರಳುದ್ದದ ಉಕ್ಕಿನ ಅಲಗನ್ನು ಇಟ್ಟು, ಜಾರದ ಹಾಗೆ ದಾರವನ್ನು ಬಿಗಿಯಾಗಿ ಸುತ್ತುತ್ತಾನೆ. ಹುಂಜ ಆಗ ಸುಮ್ಮನೇ ಇರುತ್ತದೆ, ಸಾಕಿದವನ ಕೈ ಅಂತ ನಂಬಿಕೆ. ಎರಡೂ ಹುಂಜಗಳ ಕೊಕ್ಕು ತಾಗಿಸಿ ಕೆರಳಿಸಿ ಬಿಡುತ್ತಾರೆ. ಎರಡೋ ಮೂರೋ ಸಲ ಹಾರಿದರೆ ಮುಗಿಯಿತು. ರೆಕ್ಕೆಯ ಕೆಳಗೋ ಕುತ್ತಿಗೆಗೋ ಅಲಗು ಹೊಕ್ಕು ಒಂದು ಮಣ್ಣಿಗೆ ಒರಗುತ್ತದೆ. ಸೋತ ಕೋಳಿ ಗೆದ್ದವನ ಪಾಲು. ಗೆದ್ದ ಹುಂಜದ ಹೊಟ್ಟೆ ಸೀಳಿದ್ದರೆ ಅಲ್ಲೇ ಸೂಜಿದಾರದಲ್ಲಿ ಹೊಲಿದು ಮುಂದಿನ ಸುತ್ತಿಗೆ ಇಡುತ್ತಾರೆ. ಕೋಳಿ ಸಾಕುವವರೇ ಇರುವ, ಕೋಳಿ ಸಾರು ಮಾಡುವವರೇ ಇರುವ ಊರಲ್ಲಿ ನಿಂತು ನಾನು ಈ ಮಾತು ಹೇಳುತ್ತಿದ್ದೇನೆ. ಅಡುಗೆಗೆ ಕೊಯ್ಯುವುದಕ್ಕೂ ಇದಕ್ಕೂ ಸಂಬಂಧ ಇಲ್ಲ.

ಹೆಜ್ಜೆ ಒಂದು: ಜಾಗ ಯಾರದು ಪತ್ತೆ ಮಾಡಿ

ಕೊಡಗಿನಲ್ಲಿ ಈ ಕೆಲಸ ಸ್ವಲ್ಪ ಗೋಜಲು. ಒಂದೇ ಊರಲ್ಲಿ ಜಮ್ಮಾ (ವಂಶಪಾರಂಪರ್ಯವಾಗಿ ಬಂದ ಜಮೀನು), ಬಾಣೆ (ಗದ್ದೆಗೆ ಸೇರಿದ ಕಾಡು ಜಾಗ), ಪೈಸಾರಿ (ಸರ್ಕಾರಿ ಜಾಗ), ದೇವರಕಾಡು ಎಲ್ಲ ಒಂದಕ್ಕೊಂದು ತಾಗಿಕೊಂಡೇ ಇರುತ್ತವೆ. ಸರ್ವೆ ನಂಬರ್ ತಿಳಿದರೆ ಆರ್‌ಟಿಸಿ (ಪಹಣಿ) ತೆಗೆಸಿ ನೋಡಿ. ತಿಳಿಯದಿದ್ದರೆ ಗ್ರಾಮ ಆಡಳಿತಾಧಿಕಾರಿಯನ್ನು ಕೇಳಿ.

ಜಾಗ ಪೈಸಾರಿಯಾದರೆ ತಹಶೀಲ್ದಾರರಿಗೆ ಒಂದು ಪತ್ರ. ಪಂಚಾಯಿತಿಯ ಆಟದ ಮೈದಾನವೋ ಸಂತೆ ಜಾಗವೋ ಆದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ (ಪಿಡಿಒ). ದೇವರಕಾಡಾದರೆ ವಲಯ ಅರಣ್ಯಾಧಿಕಾರಿಗೂ ಒಂದು ಪ್ರತಿ ಹೋಗಲಿ.

ಜಾಸ್ತಿ ಕಡೆ ಜಾಗ ಖಾಸಗಿ ತೋಟದ್ದೇ ಆಗಿರುತ್ತದೆ. ಮಾಲೀಕರು ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇರುತ್ತಾರೆ, ತೋಟ ನೋಡಿಕೊಳ್ಳುವವರು ರೈಟರು. ಕೆಳಗಿನ ಗದ್ದೆಯಲ್ಲಿ ಭಾನುವಾರ ಏನು ನಡೆಯುತ್ತದೆ ಅಂತ ಮಾಲೀಕರಿಗೆ ನಿಜಕ್ಕೂ ಗೊತ್ತಿರುವುದಿಲ್ಲ. ಅಂಥವರಿಗೆ ನೋಂದಣಿ ಮಾಡಿಸಿದ ಸ್ಪೀಡ್ ಪೋಸ್ಟಿನಲ್ಲಿ ಒಂದು ಪುಟ ಬರೆಯಿರಿ: ನಿಮ್ಮ ಇಂಥ ಸರ್ವೆ ನಂಬರಿನಲ್ಲಿ ಕೋಳಿ ಅಂಕ ನಡೆಯುತ್ತಿದೆ, ಜಾಗ ಬಿಟ್ಟುಕೊಟ್ಟವರೂ 11(1)(ಎನ್) ಪ್ರಕಾರ ಆರೋಪಿಯಾಗುತ್ತಾರೆ, ದಯವಿಟ್ಟು ನಿಲ್ಲಿಸಿ. ಮರ್ಯಾದೆಯಿಂದ ಬರೆಯಿರಿ. ಪತ್ರ ತಲುಪಿದ ಮೇಲೆ ‘ನನಗೆ ಗೊತ್ತಿರಲಿಲ್ಲ’ ಅನ್ನಲು ಆಗುವುದಿಲ್ಲ. ಠಾಣೆಯ ಮೆಟ್ಟಿಲು ಹತ್ತದೆ ಇಲ್ಲೇ ಮುಗಿಯುವ ಸಾಧ್ಯತೆ ಇದೆ. ಗೇಟಿಗೆ ಒಂದು ಬೀಗ ಬಿದ್ದರೆ ಸಾಕು.

ಹೆಜ್ಜೆ ಎರಡು: ಊರಲ್ಲಿ ಮಾತಾಡಿ

ಹಬ್ಬದ ನೆಪದಲ್ಲಿ ಅಂಕ ನಡೆಯುವ ಊರಾದರೆ ತಕ್ಕರನ್ನೂ (ಊರಿನ, ದೇವಸ್ಥಾನದ ಮುಖ್ಯಸ್ಥರು) ದೇವಸ್ಥಾನ ಸಮಿತಿಯವರನ್ನೂ ಮೊದಲು ಕಾಣಿ. ದೇವರ ಹೆಸರು, ಬಾಜಿ ದುಡ್ಡು, ಹೆಂಡ ಮೂರೂ ಒಂದೇ ಕಡೆ ಸೇರುವುದು ಅವರಿಗೂ ಇಷ್ಟ ಇರುವುದಿಲ್ಲ. ಯಾರಾದರೂ ಬಾಯಿಬಿಟ್ಟು ಹೇಳಲಿ ಅಂತ ಕಾಯುತ್ತಿರುತ್ತಾರೆ. ಜನ ಸೇರುವುದು ತಪ್ಪಬಾರದು ಅಂತಿದ್ದರೆ ನಮ್ಮಲ್ಲಿ ಆಟಕ್ಕೇನು ಬರ. ಕೈಲ್ ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ಇದೆ, ಮಳೆಗಾಲದಲ್ಲಿ ಕೆಸರು ಗದ್ದೆ ಓಟ, ಹಗ್ಗಜಗ್ಗಾಟ ಇವೆ, ಹಾಕಿ ಅಂತೂ ಇದ್ದೇ ಇದೆ.

ಹಬ್ಬಕ್ಕೆ ಮೈಕ್ ಅನುಮತಿ ಠಾಣೆಯಿಂದ ಬರಬೇಕು. ಆ ಅನುಮತಿ ಪತ್ರದಲ್ಲೇ ‘ಕೋಳಿ ಅಂಕ, ಜೂಜು ನಡೆಸುವಂತಿಲ್ಲ’ ಅಂತ ಒಂದು ಷರತ್ತು ಬರೆಯಿರಿ ಅಂತ ಪಿಎಸ್‌ಐ ಅವರನ್ನು ಕೇಳಿಕೊಳ್ಳಿ.

ಒಂದು ಎಚ್ಚರಿಕೆ. ಊರಿನವರೇ ಸೇರಿ ‘ಅಂಕ ಆಡಿದರೆ ಐದು ಸಾವಿರ ದಂಡ, ಕೊಡದಿದ್ದರೆ ಯಾರೂ ಮಾತಾಡಿಸಬಾರದು’ ಅಂತ ಕಟ್ಟುಪಾಡು ಮಾಡಬೇಡಿ. ಅಂಥ ದಂಡ ವಸೂಲಿ ಮಾಡಲು ಊರಿಗೆ ಕಾನೂನಿನಲ್ಲಿ ಅಧಿಕಾರವಿಲ್ಲ. ಕೇಸು ನಿಮ್ಮ ಮೇಲೇ ತಿರುಗುತ್ತದೆ.

ಹೆಜ್ಜೆ ಮೂರು: ಅಂಕಕ್ಕೆ ಮುಂಚೆಯೇ ಎಸ್ಪಿಗೆ ಬರಹದಲ್ಲಿ ತಿಳಿಸಿ

ಇದನ್ನು ಬಳಸುವವರು ತೀರಾ ಕಡಿಮೆ. ಪ್ರಾಣಿ ಹಿಂಸೆ ತಡೆ ಕಾಯ್ದೆಯ 33ನೇ ಕಲಂ ನೋಡಿ. ಅಪರಾಧ ನಡೆದಿದ್ದರೆ ಮಾತ್ರವಲ್ಲ, ‘ನಡೆಯಲಿದೆ’ ಅಂತ ಬರಹದಲ್ಲಿ ಮಾಹಿತಿ ಬಂದು, ವಿಚಾರಿಸಿದಾಗ ನಂಬಲು ಕಾರಣ ಸಿಕ್ಕರೆ, ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಯೋ ಮ್ಯಾಜಿಸ್ಟ್ರೇಟರೋ ಆ ಜಾಗದ ಶೋಧಕ್ಕೆ ತಾವೇ ಹೋಗಬಹುದು, ಇಲ್ಲವೇ ಸಬ್ ಇನ್‌ಸ್ಪೆಕ್ಟರ್‌ಗೆ ಕಡಿಮೆಯಿಲ್ಲದ ಅಧಿಕಾರಿಗೆ ವಾರಂಟ್ ಕೊಡಬಹುದು. ಫೋನಿನಲ್ಲಿ ಹೇಳಿದ್ದು ಇದಕ್ಕೆ ಸಾಲದು, ಬರಹವೇ ಬೇಕು.

ಒಬ್ಬರೇ ಸಹಿ ಹಾಕಲು ಹೆದರಿಕೆ ಇರುವುದು ಸಹಜ. ಸಣ್ಣ ಊರು, ನಾಳೆ ಬೆಳಿಗ್ಗೆ ಅದೇ ಅಂಗಡಿಯಲ್ಲಿ ಮುಖ ನೋಡಬೇಕು. ಅದಕ್ಕೇ ಮಹಿಳಾ ಸಂಘ, ದೇವಸ್ಥಾನ ಸಮಿತಿ, ಯುವಕ ಸಂಘ ಯಾವುದಾದರೂ ಒಂದರ ಲೆಟರ್‌ಹೆಡ್‌ನಲ್ಲಿ ಹತ್ತಾರು ಜನ ಒಟ್ಟಿಗೆ ಸಹಿ ಮಾಡಿ ಕೊಡಿ. ಬಾಜಿಯಲ್ಲಿ ಗಂಡಂದಿರ ಕೂಲಿ ಕಳೆದುಕೊಂಡ ಹೆಂಗಸರು ಸಹಿ ಹಾಕಲು ಹಿಂಜರಿಯುವುದಿಲ್ಲ.

ಪತ್ರ ಹೀಗಿರಲಿ:

‘ಮಾನ್ಯ ಪೊಲೀಸ್ ವರಿಷ್ಠಾಧಿಕಾರಿಗಳು, ಕೊಡಗು ಜಿಲ್ಲೆ, ಮಡಿಕೇರಿ, ಇವರಿಗೆ. ವಿಷಯ: ಪ್ರಾಣಿ ಹಿಂಸೆ ತಡೆ ಕಾಯ್ದೆ 1960ರ ಕಲಂ 33ರ ಅಡಿ ಬರಹದ ಮಾಹಿತಿ. ……… ಗ್ರಾಮದ ಸರ್ವೆ ನಂಬರ್ ……… ರಲ್ಲಿ, ……… ರಸ್ತೆಯಿಂದ ಸುಮಾರು ……… ಮೀಟರ್ ಒಳಗೆ, ದಿನಾಂಕ ……… ರಂದು ಬೆಳಿಗ್ಗೆ ……… ಗಂಟೆಯಿಂದ ಕೋಳಿ ಅಂಕ ನಡೆಸಲು ಸಿದ್ಧತೆ ನಡೆದಿದೆ. ಸದರಿ ಜಾಗವನ್ನು ……… ಎಂಬವರು ಬಿಟ್ಟುಕೊಟ್ಟಿದ್ದು, ಹಣ ಪಣಕ್ಕಿಟ್ಟು ಜೂಜು ನಡೆಯುತ್ತದೆ. ಇದು ಸದರಿ ಕಾಯ್ದೆಯ ಕಲಂ 11(1)(ಎಂ), 11(1)(ಎನ್) ಹಾಗೂ ಕರ್ನಾಟಕ ಪೊಲೀಸ್ ಕಾಯ್ದೆಯ ಕಲಂ 87ರ ಅಡಿ ಅಪರಾಧ. ಕಲಂ 33ರ ಪ್ರಕಾರ ಶೋಧನೆಗೆ ಕ್ರಮ ಕೈಗೊಳ್ಳಬೇಕಾಗಿ ವಿನಂತಿ.’

ಹೆಸರು ಖಚಿತವಾಗಿ ಗೊತ್ತಿಲ್ಲದಿದ್ದರೆ ಬರೆಯಬೇಡಿ. ಊಹೆಯ ಮೇಲೆ ಒಬ್ಬರ ಹೆಸರು ಹಾಕುವುದು ತಪ್ಪು. ಜಾಗದ ಗುರುತು ಖಚಿತವಾಗಿದ್ದರೆ ಸಾಕು. ಕಚೇರಿಯಲ್ಲಿ ಕೊಟ್ಟು ಇನ್ನೊಂದು ಪ್ರತಿಗೆ ಸೀಲು ಹಾಕಿಸಿಕೊಳ್ಳುವುದನ್ನು ಮರೆಯಬೇಡಿ.

ಹೆಜ್ಜೆ ನಾಲ್ಕು: ಡಿಸಿ ಆದೇಶ ಕೇಳಿ

ಐವತ್ತು ರೂಪಾಯಿಯನ್ನು ದಾಟುವ ಒಂದು ದಾರಿ ಜಿಲ್ಲೆಯ ಮಟ್ಟದಲ್ಲೇ ಇದೆ. ನಾಗರಿಕ ಸುರಕ್ಷಾ ಸಂಹಿತೆಯ 163ನೇ ಕಲಂ, ಹಿಂದೆ ಎಲ್ಲರೂ 144 ಅನ್ನುತ್ತಿದ್ದದ್ದು. ಜನರ ಪ್ರಾಣಕ್ಕೆ, ಆರೋಗ್ಯಕ್ಕೆ, ಶಾಂತಿಗೆ ಅಪಾಯ ಇದೆ ಅಂತ ಕಂಡರೆ ಜಿಲ್ಲಾಧಿಕಾರಿಯೋ ಮಡಿಕೇರಿಯ ಉಪವಿಭಾಗಾಧಿಕಾರಿಯೋ ಒಂದು ಕೆಲಸವನ್ನು ನಿಷೇಧಿಸಿ ಆದೇಶ ಮಾಡಬಹುದು. ಆದೇಶ ಎರಡು ತಿಂಗಳವರೆಗೆ ನಿಲ್ಲಬಹುದು. ಅಂಕದ ಸೀಸನ್ನಿಗೆ ಅಷ್ಟು ಸಾಕಾಗುತ್ತದೆ.

ಆದೇಶ ಮೀರಿದರೆ ಭಾರತೀಯ ನ್ಯಾಯ ಸಂಹಿತೆಯ 223ನೇ ಕಲಂ. ಆರು ತಿಂಗಳವರೆಗೆ ಜೈಲು, ಅಥವಾ 2,500 ರೂಪಾಯಿವರೆಗೆ ದಂಡ, ಅಥವಾ ಎರಡೂ. ಮೀರಿದ್ದರಿಂದ ಜನರ ಪ್ರಾಣಕ್ಕೋ ಆರೋಗ್ಯಕ್ಕೋ ಅಪಾಯವಾದರೆ, ಹೊಡೆದಾಟಕ್ಕೆ ದಾರಿಯಾದರೆ ಒಂದು ವರ್ಷ, 5,000 ರೂಪಾಯಿ.

ಮನವಿ ಬರೆಯುವಾಗ ಒಂದು ವಿಷಯ ಗಮನದಲ್ಲಿರಲಿ. ಈ ಕಲಂ ಇರುವುದು ಮನುಷ್ಯರ ಸುರಕ್ಷತೆಗೆ. ಕೋಳಿಗೆ ಹಿಂಸೆ ಅಂತ ಮಾತ್ರ ಬರೆದರೆ ಆದೇಶ ಹೊರಡಿಸಲು ಆಧಾರ ಸಾಲುವುದಿಲ್ಲ. ಅಲ್ಲಿ ಅಲಗು ಇರುತ್ತದೆ, ಕುಡಿತ ಇರುತ್ತದೆ, ಬಾಜಿಯ ಜಗಳ ಇರುತ್ತದೆ. ಹಿಂದೆ ಹೊಡೆದಾಟವಾಗಿ ಠಾಣೆಗೆ ಹೋಗಿದ್ದರೆ ದಿನಾಂಕ ಸಮೇತ ಬರೆಯಿರಿ. ಹಕ್ಕಿಜ್ವರದ ವಿಷಯವನ್ನೂ ಹಾಕಿ. ದಕ್ಷಿಣ ಕನ್ನಡ, ಹಾಸನ, ಮೈಸೂರು, ಕೇರಳ ಎಲ್ಲ ಕಡೆಯಿಂದ ಹುಂಜ ಬಂದು ಒಂದೇ ಮಣ್ಣಲ್ಲಿ ರಕ್ತ ಸುರಿಸುತ್ತವೆ. 2020ರ ಮಾರ್ಚ್‌ನಲ್ಲಿ ಪಕ್ಕದ ಮೈಸೂರಿನಲ್ಲೇ ಹಕ್ಕಿಜ್ವರ ಬಂದಿತ್ತು. ರೋಗ ಹರಡುವ ಭಯವಿದ್ದರೆ 2009ರ ಪ್ರಾಣಿ ಸಾಂಕ್ರಾಮಿಕ ರೋಗ ನಿಯಂತ್ರಣ ಕಾಯ್ದೆಯಡಿ ಒಂದು ಪ್ರದೇಶವನ್ನು ನಿಯಂತ್ರಿತ ಪ್ರದೇಶ ಅಂತ ಘೋಷಿಸಿ ಅಲ್ಲಿ ಪ್ರಾಣಿಗಳ ಜಾತ್ರೆ, ಸಂತೆ ತಡೆಯಲು ಅವಕಾಶವಿದೆ.

ಇಲ್ಲಿ ಒಂದು ತೊಡಕೂ ಇದೆ. 223ರ ಕೇಸನ್ನು ಕೋರ್ಟ್ ಕೈಗೆತ್ತಿಕೊಳ್ಳಬೇಕಾದರೆ ಆದೇಶ ಮಾಡಿದ ಅಧಿಕಾರಿಯೋ ಅವರ ಮೇಲಧಿಕಾರಿಯೋ ಕೋರ್ಟಿಗೆ ಬರಹದಲ್ಲಿ ದೂರು ಕೊಡಬೇಕು. ಬರೀ ಪೊಲೀಸ್ ಚಾರ್ಜ್‌ಶೀಟ್ ಆಗುವುದಿಲ್ಲ. ಇದು ತಪ್ಪಿಹೋಗಿ ಕೇಸು ಬಿದ್ದುಹೋಗುವ ಅಪಾಯ ಇದೆ. ಆದೇಶ ಮೀರಿದ ದಿನವೇ ಡಿಸಿ ಕಚೇರಿಗೆ ಇನ್ನೊಂದು ಪತ್ರ ಕೊಟ್ಟು ಇದನ್ನು ನೆನಪಿಸಿ.

ಅಂಕದ ದಿನ

112ಕ್ಕೆ ಕರೆ ಮಾಡಿ. ಸಮಯ ಬರೆದಿಟ್ಟುಕೊಳ್ಳಿ. ತೋಟದ ಒಳಗೆ ನೆಟ್‌ವರ್ಕ್ ಸಿಗುವುದಿಲ್ಲ, ಸಿಗುವ ಕಡೆ ನಿಂತೇ ಕರೆ ಮಾಡಿ. ಒಬ್ಬರೇ ಕಣದ ಹತ್ತಿರ ಹೋಗಬೇಡಿ. ಕೈಯಲ್ಲಿ ಮೊಬೈಲ್ ಹಿಡಿದು ನಿಂತವರನ್ನು ಅಲ್ಲಿ ಮೊದಲು ಗುರುತಿಸುತ್ತಾರೆ. ದೂರದಿಂದ, ರಸ್ತೆ ಬದಿ ನಿಂತ ಗಾಡಿಗಳು, ಗದ್ದೆಗೆ ಇಳಿಯುವ ದಾರಿ, ಗುರುತಿಗೊಂದು ಮರ ಅಥವಾ ಕಟ್ಟಡ ಕಾಣುವ ಹಾಗೆ ವಿಡಿಯೊ ಸಿಕ್ಕರೆ ಅಷ್ಟು ಸಾಕು, ಯಾಕಂದರೆ ನಮಗೆ ಬೇಕಾದದ್ದು ಜಾಗದ ಸಾಕ್ಷಿ.

ಆ ವಿಡಿಯೊವನ್ನು ವಾಟ್ಸಾಪ್ ಗುಂಪಿಗೆ ಹಾಕಬೇಡಿ. ಹಾಕಿದ ಎರಡು ನಿಮಿಷಕ್ಕೆ ಅಂಕದವರಿಗೂ ತಲುಪುತ್ತದೆ. ಕತ್ತರಿಸಬೇಡಿ, ಸಂಗೀತ ಸೇರಿಸಬೇಡಿ, ಮೂಲ ಫೈಲು ತೆಗೆದ ಫೋನಿನಲ್ಲೇ ಇರಲಿ. ಕೋರ್ಟಿನಲ್ಲಿ ಅದು ನಿಲ್ಲಬೇಕಾದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಪ್ರಮಾಣಪತ್ರ ಬೇಕಾಗುತ್ತದೆ. ತನಿಖಾಧಿಕಾರಿಯೇ ಅದರ ನಮೂನೆ ಕೊಡುತ್ತಾರೆ.

ಪೊಲೀಸರು ಶೋಧ ಮಾಡಿ ವಸ್ತು ವಶಪಡಿಸಿಕೊಳ್ಳುವಾಗ ವಿಡಿಯೊ ಮಾಡಲೇಬೇಕು, ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಂ ಹೇಳುವುದು ಅದನ್ನೇ. ಬಾಳು, ದಾರ, ನಗದು ಎಲ್ಲ ಮಹಜರಿನಲ್ಲಿ ಬರಬೇಕು.

ಎಫ್‌ಐಆರ್ ಹಾಕಲು ಹಿಂಜರಿದರೆ

ದೂರನ್ನು ಇಮೇಲ್‌ನಲ್ಲೂ ಕಳಿಸಬಹುದು, ಮೂರು ದಿನದ ಒಳಗೆ ಹೋಗಿ ಸಹಿ ಮಾಡಬೇಕು. ‘ಆ ಗದ್ದೆ ನಮ್ಮ ಠಾಣೆಗೆ ಬರಲ್ಲ’ ಅನ್ನುವ ಮಾತು ಸಂಪಾಜೆ ಕಡೆ, ಜಿಲ್ಲೆಯ ಗಡಿಗಳಲ್ಲಿ ಕೇಳಿಬರಬಹುದು. ಈಗ ಯಾವ ಠಾಣೆಯಲ್ಲಾದರೂ ಸಂಜ್ಞೇಯ ಅಪರಾಧದ ದೂರು ತೆಗೆದುಕೊಳ್ಳಲೇಬೇಕು, ಆಮೇಲೆ ಅವರೇ ಸರಿಯಾದ ಠಾಣೆಗೆ ಕಳಿಸುತ್ತಾರೆ. ತೆಗೆದುಕೊಳ್ಳದಿದ್ದರೆ ಅದೇ ದೂರನ್ನು ಅಂಚೆಯಲ್ಲಿ ಎಸ್ಪಿಗೆ ಕಳಿಸಿ. ಅಲ್ಲೂ ಆಗದಿದ್ದರೆ ಆ ಠಾಣೆ ಯಾವ ಜೆಎಂಎಫ್‌ಸಿ (ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್) ನ್ಯಾಯಾಲಯಕ್ಕೆ ಸೇರಿದೆಯೋ ಅಲ್ಲಿ ಅರ್ಜಿ. ವಕೀಲರಿಗೆ ದುಡ್ಡು ಕೊಡಲು ಆಗದಿದ್ದರೆ ಮಡಿಕೇರಿಯ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಕೇಳಿ. ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಅಲ್ಲಿ ಉಚಿತ ನೆರವು ಸಿಗುತ್ತದೆ.

ಸಿಕ್ಕಿದ ಹುಂಜಗಳ ಗತಿ

ಇದರ ಬಗ್ಗೆ ಯಾರೂ ಯೋಚಿಸುವುದಿಲ್ಲ, ನನಗೆ ಹೆಚ್ಚು ನೋವಾಗುವುದು ಇಲ್ಲೇ. ವಶಕ್ಕೆ ಪಡೆದ ಹುಂಜಗಳನ್ನು ಇಟ್ಟುಕೊಳ್ಳಲು ಠಾಣೆಯಲ್ಲಿ ಜಾಗ ಇರುವುದಿಲ್ಲ. ಹರಾಜು ಹಾಕಿಬಿಡುವುದುಂಟು. ಹರಾಜಿನಲ್ಲಿ ಕೊಳ್ಳುವವನು ಅಂಕದವನೇ ಆದರೆ ಹುಂಜ ಮತ್ತೆ ಅದೇ ಕಣಕ್ಕೆ ಬರುತ್ತದೆ.

ಇದಕ್ಕೆ 2017ರ ನಿಯಮ ಇದೆ: ಪ್ರಕರಣದಲ್ಲಿ ವಶಪಡಿಸಿಕೊಂಡ ಪ್ರಾಣಿಗಳ ಆರೈಕೆ, ಪಾಲನೆ ನಿಯಮ. ಕೇಸು ಮುಗಿಯುವವರೆಗೆ ಪ್ರಾಣಿಯನ್ನು ಪ್ರಾಣಿದಯಾ ಸಂಘಕ್ಕೋ ಆಶ್ರಯ ತಾಣಕ್ಕೋ ಒಪ್ಪಿಸಬಹುದು, ಖರ್ಚಿನ ಹೊಣೆ ಆರೋಪಿಯದ್ದು. ಪ್ರತಿ ಜಿಲ್ಲೆಯಲ್ಲೂ ಒಂದು ಪ್ರಾಣಿದಯಾ ಸಂಘ ಇರಬೇಕು ಅಂತ 2001ರ ನಿಯಮವೂ ಇದೆ. ದೂರಿನ ಕೊನೆಗೆ ಒಂದು ಸಾಲು ಸೇರಿಸಿ: ‘ಹುಂಜಗಳನ್ನು ಹರಾಜು ಹಾಕದೆ 2017ರ ನಿಯಮದಂತೆ ಆಶ್ರಯಕ್ಕೆ ಒಪ್ಪಿಸಬೇಕು, ಪಶುವೈದ್ಯರಿಂದ ಗಾಯದ ಪ್ರಮಾಣಪತ್ರ ಪಡೆಯಬೇಕು.’ ಗಾಯದ ಪ್ರಮಾಣಪತ್ರ ಕೇಸಿಗೂ ಬಲ. ಗಾಯವಾದ ಹುಂಜಗಳಿಗೆ ಚಿಕಿತ್ಸೆ ಬೇಕಾದರೆ ಪಶು ಸಂಜೀವಿನಿಯ ಸಹಾಯವಾಣಿ 1962.

ಮೂರು ತಿಂಗಳ ಗಡುವು

ಪ್ರಾಣಿ ಹಿಂಸೆ ತಡೆ ಕಾಯ್ದೆಯ 36ನೇ ಕಲಂ ಪ್ರಕಾರ, ಅಪರಾಧ ನಡೆದ ದಿನದಿಂದ ಮೂರು ತಿಂಗಳು ಕಳೆದ ಮೇಲೆ ಈ ಕಾಯ್ದೆಯಡಿ ಮೊಕದ್ದಮೆ ಹೂಡುವಂತಿಲ್ಲ. ಜನವರಿಯಲ್ಲಿ ನಡೆದದ್ದಕ್ಕೆ ಮೇನಲ್ಲಿ ಕೋರ್ಟಿಗೆ ಹೋದರೆ ಮುಗಿಯಿತು. ಹಾಗಾಗಿ ಒಂದೂವರೆ ತಿಂಗಳಿಗೆ ಒಮ್ಮೆ ಠಾಣೆಗೆ ಹೋಗಿ ಚಾರ್ಜ್‌ಶೀಟ್ ಎಲ್ಲಿಗೆ ಬಂತು ಕೇಳಿ. ತನಿಖೆಯ ಪ್ರಗತಿಯನ್ನು ದೂರುದಾರರಿಗೆ 90 ದಿನದ ಒಳಗೆ ತಿಳಿಸಬೇಕು ಅಂತಲೂ ನಾಗರಿಕ ಸುರಕ್ಷಾ ಸಂಹಿತೆ ಹೇಳುತ್ತದೆ.

ಐವತ್ತು ರೂಪಾಯಿ ಕಟ್ಟಿಸಲು ಇಷ್ಟೆಲ್ಲ ಯಾಕೆ ಅನ್ನಿಸಬಹುದು. ಆ ಮೊದಲ ಶಿಕ್ಷೆ ದಾಖಲೆಗೆ ಬಂದರೆ ಮಾತ್ರ ಮೂರು ವರ್ಷದ ಒಳಗಿನ ಎರಡನೇ ತಪ್ಪಿಗೆ ಜೈಲಿನ ಮಾತು ಬರುತ್ತದೆ. 29ನೇ ಕಲಂ ಪ್ರಕಾರ ಹಿಂದೆ ಶಿಕ್ಷೆಯಾದವನಿಂದ ಪ್ರಾಣಿಯನ್ನು ಕೋರ್ಟ್ ಕಿತ್ತುಕೊಳ್ಳಲೂಬಹುದು, ಇಂಥ ಪ್ರಾಣಿ ಸಾಕುವಂತಿಲ್ಲ ಅಂತ ತಡೆಯಲೂಬಹುದು. ಅಂಕಕ್ಕೆಂದೇ ಹುಂಜ ಸಾಕುವವನಿಗೆ ದಂಡಕ್ಕಿಂತ ಇದೇ ದೊಡ್ಡ ಪೆಟ್ಟು. ಹಾಗಾಗಿ ಕೋರ್ಟಿನ ಸಿಸಿ ನಂಬರ್ (ಪ್ರಕರಣದ ಸಂಖ್ಯೆ), ತೀರ್ಪಿನ ದಿನಾಂಕ ಬರೆದಿಟ್ಟುಕೊಂಡು ಮುಂದಿನ ದೂರಿಗೆ ಲಗತ್ತಿಸಿ. ಮಾಹಿತಿ ಕೊಡದಿದ್ದರೆ ಹತ್ತು ರೂಪಾಯಿ ಶುಲ್ಕ ಕಟ್ಟಿ ಆರ್‌ಟಿಐ ಹಾಕಿ. ಕರ್ನಾಟಕದ ನಿಯಮದಲ್ಲಿ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯ ಇರಬೇಕು.

ನಾಯಿ ಬಿಟ್ಟು ಕಾಡುಹಂದಿ ಹಿಡಿಸುವುದು ಇದರಲ್ಲಿ ಬರುತ್ತದಾ ಅಂತ ಕೆಲವರು ಕೇಳುತ್ತಾರೆ. ಅದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಬೇಟೆ. ಮೂರು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ. ದೂರು ಅರಣ್ಯ ಇಲಾಖೆಗೆ.

ದಂಡ ಹೆಚ್ಚಿಸಬೇಕು ಅನ್ನುವವರಿಗೆ

1950ರಿಂದ 1956ರವರೆಗೆ ಕೊಡಗು ಸ್ವಂತ ರಾಜ್ಯವಾಗಿತ್ತು. 1952ರಿಂದ ಮಡಿಕೇರಿಯಲ್ಲೇ 24 ಸದಸ್ಯರ ಶಾಸನಸಭೆ ಇತ್ತು. 1956ರ ನವೆಂಬರ್ 1ರ ನಂತರ ನಮ್ಮ ಮಾತು ಬೆಂಗಳೂರಿಗೆ ಹೋಗಿ ತಲುಪಬೇಕು. ಪ್ರಾಣಿ ಹಿಂಸೆ ತಡೆಯುವ ವಿಷಯ ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿದೆ. ಕೇಂದ್ರವೂ ಕಾನೂನು ಮಾಡಬಹುದು, ರಾಜ್ಯವೂ ಮಾಡಬಹುದು. ರಾಜ್ಯದ್ದು ಕೇಂದ್ರದ ಕಾಯ್ದೆಗಿಂತ ಬೇರೆಯಾಗಿದ್ದರೆ ರಾಷ್ಟ್ರಪತಿಗಳ ಅಂಕಿತ ಬೇಕು. ಕಂಬಳಕ್ಕೆ ಮಾಡಿದ್ದು ಅದನ್ನೇ. ವಿನಾಯಿತಿ ಕೊಡಲು ತಿದ್ದುಪಡಿ ತರಬಹುದಾದರೆ ದಂಡ ಏರಿಸಲೂ ತರಬಹುದು. ಬಾಜಿ, ಜೂಜು ಪೂರ್ತಿ ರಾಜ್ಯದ ಪಟ್ಟಿಯಲ್ಲೇ ಇದೆ. 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಜೂಜಿನ ಶಿಕ್ಷೆಗಳನ್ನು ಏರಿಸಿದ್ದೂ ರಾಜ್ಯವೇ.

ಕೆಲಸ ಶುರುವಾಗಬೇಕಾದದ್ದು ಗ್ರಾಮಸಭೆಯಲ್ಲಿ. ಆರು ತಿಂಗಳಿಗೊಮ್ಮೆಯಾದರೂ ಅದು ನಡೆಯಲೇಬೇಕು. ಎರಡು ನಿರ್ಣಯ ಮಾಡಿಸಿ. ಒಂದು, ಪಂಚಾಯಿತಿಯ ಯಾವ ಜಾಗವನ್ನೂ ಪ್ರಾಣಿ ಕಾಳಗಕ್ಕೆ ಕೊಡುವುದಿಲ್ಲ ಅಂತ. ಇನ್ನೊಂದು, 11(1)(ಎಂ), (ಎನ್) ಅಪರಾಧಗಳ ದಂಡ ಹೆಚ್ಚಿಸಿ, ಎರಡನ್ನೂ ಸಂಜ್ಞೇಯ ಮಾಡಲು ರಾಜ್ಯ ತಿದ್ದುಪಡಿ ತರಬೇಕು ಅಂತ. ‘ಕ್ರಮ ಕೈಗೊಳ್ಳಬೇಕು’ ಅಂತ ಮೊಟಕಾಗಿ ಬರೆಯಲು ಬಿಡಬೇಡಿ, ಕಲಂ ನಂಬರ್ ಸಮೇತ ನಡವಳಿ ಪುಸ್ತಕದಲ್ಲಿ ಬರಲಿ. ಪಿಡಿಒ ಹತ್ತಿರ ದೃಢೀಕೃತ ಪ್ರತಿ ತೆಗೆದುಕೊಂಡು ಮಡಿಕೇರಿ, ವಿರಾಜಪೇಟೆ ಕ್ಷೇತ್ರದ ಶಾಸಕರಿಗೆ, ಡಿಸಿಗೆ, ಪಶುಸಂಗೋಪನೆ ಇಲಾಖೆಗೆ ಕಳಿಸಿ. ವಿಧಾನ ಪರಿಷತ್ತಿನಲ್ಲಿ ಕೊಡಗು ಸ್ಥಳೀಯ ಸಂಸ್ಥೆಗಳ ಕ್ಷೇತ್ರದ ಸದಸ್ಯರಿಗೂ ಒಂದು ಪ್ರತಿ ಹೋಗಲೇಬೇಕು. ಅವರನ್ನು ಆರಿಸುವ ಮತದಾರರಲ್ಲಿ ನಮ್ಮ ಗ್ರಾಮ ಪಂಚಾಯಿತಿ ಸದಸ್ಯರೂ ಇದ್ದಾರೆ. ಗ್ರಾಮಸಭೆಯಲ್ಲಿ ಕೈ ಎತ್ತಿದ ಅದೇ ಸದಸ್ಯರ ಕೈಯಲ್ಲೇ ಆ ಪತ್ರ ಕೊಡಿಸಿ.